ಗ್ಲಾಸ್ ಹಿಡಿಯುವ ಮೊದಲೇ ಪಂಪ್ ಮಾಡಿ

ಹಾಲುಣಿಸುವ ತಾಯಂದಿರು ಎಂದಾದರೊಮ್ಮೆ ಒಂದು ಗ್ಲಾಸ್ ವೈನ್ ಕುಡಿಯುವುದಿದ್ದರೆ, ಒಂದು ಹೊತ್ತಿನ ಹಾಲನ್ನು ಮೊದಲೇ ಪಂಪ್ ಮಾಡಿ ಫ್ರಿಜ್‌ನಲ್ಲಿಡಿ, ಮಗುವಿಗೆ ಹಾಲು ಕೊಟ್ಟ ಮೇಲೆಯೇ ಗ್ಲಾಸ್ ಹಿಡಿಯಿರಿ, ಆಮೇಲೆ ಕನಿಷ್ಠ 2 ಗಂಟೆ ಎದೆಹಾಲು ಕೊಡಬೇಡಿ. ಕುಡಿದ ನಂತರ ಪಂಪ್ ಮಾಡಿ ಚೆಲ್ಲುವುದರಿಂದ ಆ ಕಾಯುವಿಕೆ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ. ಮದ್ಯಸಾರ ಹಾಲಿನಲ್ಲಿ ಸಿಕ್ಕಿಕೊಂಡು ಕೂರುವುದಿಲ್ಲ. ರಕ್ತದಲ್ಲಿ ಇಳಿದಂತೆ ಹಾಲಿನಲ್ಲೂ ತಾನಾಗಿಯೇ ಇಳಿಯುತ್ತದೆ. ಎದೆ ಬಿಗಿದು ನೋಯುತ್ತಿದ್ದರೆ ಮಾತ್ರ ತೆಗೆದು ಚೆಲ್ಲಿ. ಲೆಕ್ಕ ತಪ್ಪುವುದು ಅಳತೆಯಲ್ಲಿ. 2 ಗಂಟೆಯ ಮಾತು 150 ಮಿ.ಲೀ. ವೈನ್‌ಗೆ, 60 ಮಿ.ಲೀ.ನ ನಮ್ಮ ದೊಡ್ಡ ಪೆಗ್ ಅದರ ಸುಮಾರು ಒಂದೂವರೆ ಪಟ್ಟು, ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿ ಸುಮಾರು ಮೂರು ಪಟ್ಟು, ಅಂದರೆ 6 ಗಂಟೆ! ಗಂಟೆಗೊಮ್ಮೆ ಹಾಲು ಕೇಳುವ ಹಸುಗೂಸಿದ್ದರೆ ಈ ಉಪಾಯ ನಡೆಯುವುದಿಲ್ಲ. ಅವಧಿಗೆ ಮೊದಲೇ ಹುಟ್ಟಿದ ಮಗುವಿದ್ದರಂತೂ ಪ್ರಯೋಗ ಬೇಡವೇ ಬೇಡ. ಏನೂ ಕುಡಿಯದಿರುವುದೇ ಎಲ್ಲಕ್ಕಿಂತ ಸುರಕ್ಷಿತ ಎಂಬುದು ಹೇಗೂ ಇದ್ದೇ ಇದೆ. ಕುಡಿದ ರಾತ್ರಿ ಮಗುವನ್ನು ನಿಮ್ಮ ಹಾಸಿಗೆಯಲ್ಲಿ ಮಲಗಿಸಿಕೊಳ್ಳಬೇಡಿ. ಇನ್ನು, ಬಿಯರ್ ಕುಡಿದರೆ ಹಾಲು ಹೆಚ್ಚುತ್ತದೆ ಎಂದು ಯಾರಾದರೂ ಹಿರಿಯರು ಹೇಳಿದರೆ ನಕ್ಕು ಸುಮ್ಮನಾಗಿ: ಮದ್ಯಸಾರವು ಹಾಲು ಇಳಿಯಲು ಬೇಕಾದ ಆಕ್ಸಿಟೋಸಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಮಗುವಿಗೆ ಸಿಗುವ ಹಾಲು ಕಡಿಮೆಯೇ ಆಗುತ್ತದೆ.