ಸ್ಪೀಗಲ್ ಗ್ರೋವ್ ಹಡಗಿಗೆ ಎರಡು ಸಲ ಇಳಿದದ್ದು

ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ. ಅಲ್ಲಿ ಬಂಡೆ ಸುತ್ತ ಆರಾಮಾಗಿ ತೇಲಿದ್ದವನಿಗೆ, ಫ್ಲಾರಿಡಾದ ಕೀ ಲಾರ್ಗೋದಲ್ಲಿ ಮುಳುಗಿರುವ ಸ್ಪೀಗಲ್ ಗ್ರೋವ್ ಹಡಗಿಗೆ ಇಳಿದ ದಿನ ಬೆವರು ಕಿತ್ತುಕೊಂಡು ಬಂತು. ನೀರೊಳಗೂ ಬೆವರುತ್ತಾ ಅಂತ ಕೇಳಬೇಡಿ.

ಇದು ಅಮೆರಿಕದ ನೌಕಾಪಡೆಯ ಹಳೇ ಹಡಗು, 510 ಅಡಿ ಉದ್ದ. ಮೀನು, ಹವಳಕ್ಕೆ ಮನೆಯಾಗಲಿ ಅಂತ 2002ರ ಮೇ ತಿಂಗಳಲ್ಲಿ ಮುಳುಗಿಸಲು ಹೊರಟರೆ, ಹೇಳಿದ ಹೊತ್ತಿಗಿಂತ ಮೊದಲೇ ಮುಳುಗಿ, ತಲೆಕೆಳಗಾಗಿ, ಮೂತಿ ಮಾತ್ರ ಮೇಲೆ ಚಾಚಿಕೊಂಡು ನಿಂತುಬಿಟ್ಟಿತ್ತು. ಆಮೇಲೆ ಹೇಗೋ ಮಗ್ಗುಲಿಗೆ ಮಲಗಿಸಿದರು. 2005ರಲ್ಲಿ ಡೆನಿಸ್ ಚಂಡಮಾರುತ ಬಂದು ಅದನ್ನು ಎಬ್ಬಿಸಿ ನೆಟ್ಟಗೆ ಕೂರಿಸಿತು, ಅದೂ ಪುಕ್ಕಟೆ!

ಜಾಗದ ಗುರುತಿಗೆ ನೀರ ಮೇಲೆ ತೇಲಿಬಿಟ್ಟ ಬುರುಡೆಯಿಂದ (ಬೋಯಿ) ಹಡಗಿನವರೆಗೆ ಹಗ್ಗ ಇದೆ, ಅದನ್ನು ಹಿಡಿದೇ ಇಳಿಯಬೇಕು. ಅವತ್ತು ಸೆಳವು ಜಾಸ್ತಿ ಇತ್ತು. ತಂತಿ ಮೇಲೆ ಒಣಗಹಾಕಿದ ಪಂಚೆ ಗಾಳಿಗೆ ಹಾರಿದ ಹಾಗೆ ಅಡ್ಡಡ್ಡ ತೇಲುತ್ತಾ, ಎರಡೂ ಕೈಯಲ್ಲಿ ಹಗ್ಗ ಬಿಗಿಹಿಡಿದು ಇಳಿದೆ. ಟ್ಯಾಂಕಿನಲ್ಲಿ 3000 ಪಿಎಸ್‌ಐ ಇತ್ತು (ಪೊಲೀಸರಲ್ಲ, ಗಾಳಿಯ ಒತ್ತಡ). ಡೆಕ್ ಮುಟ್ಟುವಷ್ಟರಲ್ಲಿ 2200. ಅಷ್ಟಕ್ಕೇ ಬುದ್ಧಿ ಬರಬೇಕಿತ್ತು. ಆದರೆ ಅಷ್ಟು ದೂರ ಹೋಗಿ ಪೂರ್ತಿ ಹಡಗು ನೋಡದೆ ಬರೋದಾ ಅಂತ, ಸೆಳವಿಗೆ ಎದುರಾಗಿ ಕಾಲು ಬಡಿಯುತ್ತಾ ಹೊರಟೆ. 90 ಅಡಿ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿನದರ ಸುಮಾರು ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತದೆ. ಕೆಲವೇ ನಿಮಿಷದಲ್ಲಿ ಮುಳ್ಳು 1200ಕ್ಕೆ ಬಂತು. ಜೊತೆಗಾರನಿಗೆ ಹೆಬ್ಬೆರಳು ತೋರಿಸಿದೆ. ನೀರೊಳಗೆ ಅದರ ಅರ್ಥ ‘ಚೆನ್ನಾಗಿದೆ’ ಅಲ್ಲ, ‘ಮೇಲೆ ಹೋಗೋಣ’.

ಎರಡನೇ ಸಲ ಹಗ್ಗವನ್ನು ಸಡಿಲವಾಗಿ ಹಿಡಿದು, ನಿಧಾನ ಉಸಿರಾಡುತ್ತಾ ಇಳಿದೆ. ಕ್ರೇನಿನ ಹತ್ತಿರ, ಸೆಳವು ತಾಗದ ಗೋಡೆ ಮರೆಗೆ ಹೋದರೆ, ನಮ್ಮೂರ ಕೆರೆಯಷ್ಟು ಸುಮ್ನಿತ್ತು ನೀರು. ಕಬ್ಬಿಣ ಅಂತ ಗುರುತೇ ಸಿಗದಷ್ಟು ಸ್ಪಂಜು, ಹವಳ. ಗೋಲಿಯಾತ್ ಗ್ರೂಪರ್ ಅನ್ನೋ ದೈತ್ಯ ಮೀನೊಂದು, ನನಗಿಂತ ದಪ್ಪ, ಬಾಯಿ ತೆರೆದು ಮುಚ್ಚುತ್ತಾ ನಿಂತಿತ್ತು. ಕತ್ತಲೆಯ ಬಾಗಿಲುಗಳು ಕರೆಯುತ್ತವೆ, ನಿಜ. ಹೋಗಲಿಲ್ಲ. ಹಡಗಿನ ಒಳಗೆ ಹೋಗುವ ತರಬೇತಿ ನನಗಿಲ್ಲ, ಮತ್ತೆ 2007ರಲ್ಲಿ ಹಾಗೆ ಒಳಗೆ ಹೋದ ಮೂವರು ವಾಪಸ್ ಬರಲಿಲ್ಲ. ಮರಳು ಮುಟ್ಟೋ ಆಸೆಯನ್ನೂ ಬಿಟ್ಟೆ: ತಳ ಸುಮಾರು 130 ಅಡಿ, ನಾನು ಟ್ಯಾಂಕಿಗೆ ತುಂಬಿಸಿದ್ದ 32ರ ನೈಟ್ರಾಕ್ಸಿಗೆ (ಶೇ. 32 ಆಮ್ಲಜನಕ ಬೆರೆಸಿದ ಗಾಳಿ) 110 ಅಡಿಯೇ ಗಡಿ.

ಮೇಲೆ ಬರುವಾಗ, ಮೈಯಲ್ಲಿ ಕರಗಿದ ನೈಟ್ರೋಜನ್ ನಿಧಾನಕ್ಕೆ ಹೊರಹೋಗಲಿ ಅಂತ, 15 ಅಡಿಯಲ್ಲಿ ಮೂರು ನಿಮಿಷ ಮತ್ತೆ ಪಂಚೆಯಾಗಿ ನೇತಾಡಿ ಬೋಟು ಹತ್ತಿದಾಗ 900 ಉಳಿದಿತ್ತು. ಹಡಗಿನ ಹಿಂಭಾಗ ಇನ್ನೂ ನೋಡಿಲ್ಲ.