ಏರುವಾಗ ಎಂಜಿನ್ ಸೊರಗಿದರೆ: ಮನೆಯಲ್ಲಿ ಕಟ್ಟಿದ ವಿಮಾನದ ಇಂಧನ ಹರಿವನ್ನು ಅಳೆಯುವುದು, ದೋಷ ಹುಡುಕುವುದು

ನೆಲದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟರೂ ತಡವರಿಸದ ಎಂಜಿನ್ ರನ್‌ವೇ ಬಿಟ್ಟು ಸ್ವಲ್ಪ ಮೇಲೇರುವಷ್ಟರಲ್ಲಿ ಸೊರಗಿತೆಂದರೆ ಮೊದಲು ಇಂಧನದ ಹರಿವನ್ನೇ ಅನುಮಾನಿಸಬೇಕು. ಕಾರ್ಬ್ಯುರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಒಳಗಿನ ಪುಟ್ಟ ಬಟ್ಟಲಾದ ಫ್ಲೋಟ್ ಬೌಲ್‌ನಲ್ಲಿ ತುಂಬಿಕೊಂಡಿರುವ ಪೆಟ್ರೋಲ್ ಪೈಪಿನ ಕೊರತೆಯನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ. ಅದು ಖಾಲಿಯಾಗುವ ಹೊತ್ತಿಗೆ ವಿಮಾನ ಗಾಳಿಯಲ್ಲಿರುತ್ತದೆ.

ಪ್ಯಾನೆಲ್ ಮೇಲಿನ ಫ್ಲೋ ಮೀಟರನ್ನು ನಂಬಿಕೊಂಡೂ ಪ್ರಯೋಜನವಿಲ್ಲ. ಎಂಜಿನ್ ಎಷ್ಟು ಕುಡಿಯುತ್ತಿದೆ ಎನ್ನುವುದನ್ನಷ್ಟೇ ಅದು ತೋರಿಸುತ್ತದೆ. ಪೈಪು ಎಷ್ಟು ಕೊಡಬಲ್ಲದು ಎನ್ನುವುದನ್ನಲ್ಲ. ಅದಕ್ಕೆ ಪಾತ್ರೆ ಹಿಡಿದು ಅಳೆಯಲೇಬೇಕು.

ಎಷ್ಟು ಹರಿಯಬೇಕು

ಗುರುತ್ವದಿಂದಲೇ ಇಂಧನ ಇಳಿಯುವ ವ್ಯವಸ್ಥೆಯಾದರೆ, ಟೇಕಾಫ್ ಶಕ್ತಿಯಲ್ಲಿ ಎಂಜಿನ್ ಬಳಸುವುದರ 150 ಶೇಕಡಾ ಹರಿಯಬೇಕು. ಪಂಪ್ ಇದ್ದರೆ 125 ಶೇಕಡಾ ಸಾಕು. 100 ಅಶ್ವಶಕ್ತಿಯ ರೋಟಾಕ್ಸ್ 912 ಎಂಜಿನ್ ಟೇಕಾಫ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಬಳಸುತ್ತದೆ. ಅಂದರೆ ಗುರುತ್ವದಲ್ಲಿ ಗಂಟೆಗೆ 40.5 ಲೀಟರ್, ಮೂರು ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ. ಪಂಪಿನಲ್ಲಾದರೆ ಮೂರು ನಿಮಿಷಕ್ಕೆ 1.7 ಲೀಟರ್. ಟ್ಯಾಂಕಿಗೆ ಮರಳುವ ಪೈಪು ಇದ್ದರೆ ಅದರಲ್ಲಿ ಹೋಗುವ ಪಾಲನ್ನು ಇದರ ಮೇಲೆ ಸೇರಿಸಿಕೊಳ್ಳಿ.

ಅಳೆಯುವ ಬಗೆ

ಬಯಲಿನಲ್ಲೇ ಮಾಡಿ, ಹ್ಯಾಂಗರಿನೊಳಗೆ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಪಾತ್ರೆ ಲೋಹದ್ದಾಗಿರಲಿ, ಅದನ್ನೂ ವಿಮಾನವನ್ನೂ ತಂತಿಯಿಂದ ಜೋಡಿಸಿ, ಭೂಮಿಗೂ ಕೊಡಿ. ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು.

ಗರಿಷ್ಠ ಏರು ಕೋನಕ್ಕಿಂತ ಐದು ಡಿಗ್ರಿ ಹೆಚ್ಚಾಗುವಂತೆ ಮೂತಿಯನ್ನು ಎತ್ತಿ ನಿಲ್ಲಿಸಿ. ಮುಂದಿನ ಚಕ್ರವನ್ನು ಇಳಿಜಾರು ಹಲಗೆಯ ಮೇಲೆ ಹತ್ತಿಸಬಹುದು, ಇಲ್ಲವೇ ಬಾಲದ ಕಡೆ ಗುಂಡಿ ತೋಡಬಹುದು. ಚಕ್ರಗಳಿಗೆ ಅಡ್ಡ ಕೊಡುವುದನ್ನು ಮರೆಯಬೇಡಿ. ಈ ಕೋನ ತಪ್ಪಿದರೆ ಪರೀಕ್ಷೆಗೆ ಅರ್ಥವಿಲ್ಲ: ಮೂತಿ ಮೇಲೆದ್ದಾಗ ರೆಕ್ಕೆಯ ಟ್ಯಾಂಕಿಗೂ ಕಾರ್ಬ್ಯುರೇಟರಿಗೂ ಇರುವ ಎತ್ತರದ ಅಂತರ ಕಡಿಮೆಯಾಗುತ್ತದೆ. ಲೈಕಮಿಂಗ್ ಎಂಜಿನ್ನುಗಳ ಕಾರ್ಬ್ಯುರೇಟರಿಗೆ ಕನಿಷ್ಠ 0.5 ಪಿಎಸ್‌ಐ (ಚದರ ಇಂಚಿಗೆ ಅರ್ಧ ಪೌಂಡ್) ಒತ್ತಡ ಬೇಕು. ಬರೀ ಗುರುತ್ವದಿಂದ ಅಷ್ಟು ಬರಲು ಸುಮಾರು 49 ಸೆಂಟಿಮೀಟರ್ ಎತ್ತರದ ಇಂಧನವೇ ನಿಂತಿರಬೇಕು.

ಟ್ಯಾಂಕಿನಲ್ಲಿ ಪರೀಕ್ಷೆಗೆ ಬೇಕಾದಷ್ಟೇ ಇಂಧನವಿರಲಿ. ಕಾರ್ಬ್ಯುರೇಟರಿಗೆ ಸೇರುವ ಪೈಪನ್ನು ಬಿಚ್ಚಿ, ಅದರ ಬಾಯಿಯನ್ನು ಕಾರ್ಬ್ಯುರೇಟರಿನ ಒಳದಾರಿಯ ಮಟ್ಟದಲ್ಲೇ ಹಿಡಿಯಿರಿ. ತುಂಬಾ ಜನ ತಪ್ಪುವುದು ಇಲ್ಲೇ. ಪೈಪನ್ನು ನೆಲದ ಮೇಲಿನ ಡಬ್ಬಿಗೆ ಇಳಿಬಿಟ್ಟರೆ ಇಲ್ಲದ ಎತ್ತರ ಸೇರಿಕೊಂಡು ಹರಿವು ಸುಳ್ಳೇ ಹೆಚ್ಚುತ್ತದೆ. ಮೂರು ನಿಮಿಷ ಹರಿಸಿ ಅಳೆಯಿರಿ. ಎಲೆಕ್ಟ್ರಿಕ್ ಪಂಪ್ ಇದ್ದರೆ ಅದೊಂದರಿಂದಲೇ 125 ಶೇಕಡಾ ಬರಬೇಕು. ಟ್ಯಾಂಕ್ ಆರಿಸುವ ಕವಾಟವಾದ ಸೆಲೆಕ್ಟರಿನ ಪ್ರತಿ ಸ್ಥಾನಕ್ಕೂ ಬೇರೆ ಬೇರೆ ಅಳತೆ ತೆಗೆದುಕೊಳ್ಳಿ.

ಸಾಲದೆ ಬಂದರೆ

ಮೊದಲು ವೆಂಟ್, ಅಂದರೆ ಟ್ಯಾಂಕಿನೊಳಕ್ಕೆ ಗಾಳಿ ಬಿಡುವ ಕಿಂಡಿ, ನೋಡಿ. ಅದರ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟುವುದು ತೀರಾ ಸಾಮಾನ್ಯ. ಟ್ಯಾಂಕ್ ಬಹುತೇಕ ಖಾಲಿ ಇರುವಾಗ ಈ ದೋಷ ಸುಲಭಕ್ಕೆ ಕಾಣುವುದಿಲ್ಲ, ಏಕೆಂದರೆ ಒಳಗಿರುವ ಹೆಚ್ಚಿನ ಗಾಳಿ ಹಿಗ್ಗುತ್ತಾ ಕೊರತೆಯನ್ನು ತುಂಬುತ್ತದೆ. ಆದ್ದರಿಂದ ವೆಂಟಿನ ಪರೀಕ್ಷೆಯನ್ನು ತುಂಬಿದ ಟ್ಯಾಂಕಿನಲ್ಲಿ ಬೇರೆಯಾಗಿ ಮಾಡಿ: ಮುಚ್ಚಳ ಭದ್ರವಾಗಿ ಹಾಕಿ ಹರಿಸಿ, ಹರಿವು ಕುಗ್ಗುತ್ತಾ ಹೋದಾಗ ಮುಚ್ಚಳ ತೆರೆಯಿರಿ. ಕೂಡಲೇ ಚೇತರಿಸಿಕೊಂಡರೆ ದೋಷ ವೆಂಟಿನದೇ. ಕಂಪ್ರೆಸರ್ ಗಾಳಿಯನ್ನು ವೆಂಟಿಗೆ ಊದಬೇಡಿ, ಟ್ಯಾಂಕ್ ಉಬ್ಬಿ ಸೀಳಬಹುದು.

ವೆಂಟ್ ಸರಿಯಿದ್ದರೆ ಕಾರ್ಬ್ಯುರೇಟರಿನ ಕಡೆಯಿಂದ ಟ್ಯಾಂಕಿನ ಕಡೆಗೆ ಒಂದೊಂದೇ ಜೋಡಣೆ ಬಿಚ್ಚುತ್ತಾ, ಪೈಪಿನ ಬಾಯಿಯನ್ನು ಅದೇ ಮಟ್ಟದಲ್ಲಿ ಹಿಡಿದು ನೋಡಿ. ಎಲ್ಲಿ ಹರಿವು ಥಟ್ಟನೆ ಏರುತ್ತದೋ, ಆಗಷ್ಟೇ ಬಿಚ್ಚಿ ತೆಗೆದ ಭಾಗದಲ್ಲೇ ತಡೆಯಿದೆ. ಗ್ಯಾಸ್ಕೊಲೇಟರಿನ (ಇಂಧನದ ನೀರು, ಕಸ ಹಿಡಿಯುವ ಬಟ್ಟಲು) ಜಾಲರಿಯಲ್ಲಿ ಏನು ಸಿಕ್ಕಿದೆ ಎಂಬುದನ್ನು ಬಿಳಿ ಬಟ್ಟೆಯ ಮೇಲೆ ಉದುರಿಸಿ ನೋಡಿ. ಫೈಬರ್‌ಗ್ಲಾಸ್ ಪುಡಿ, ಅಲ್ಯೂಮಿನಿಯಂ ಚೂರು ಕಂಡರೆ ಟ್ಯಾಂಕನ್ನು ಸರಿಯಾಗಿ ತೊಳೆಯದೆ ಮುಚ್ಚಿದ್ದೀರಿ. ತೆಳು ಪೊರೆಯಂಥ ತುಣುಕುಗಳಿದ್ದರೆ ಟ್ಯಾಂಕಿನೊಳಗೆ ಸುರಿದು ಹಚ್ಚಿದ ಸೀಲರ್ ಲೇಪ ಸುಲಿಯುತ್ತಿದೆ. ಆಗ ಜಾಲರಿ ತೊಳೆದು ಮುಂದುವರಿಯುವುದು ಬೇಡ. ದೊಡ್ಡ ತುಣುಕೊಂದು ಟ್ಯಾಂಕಿನ ಹೊರದಾರಿಗೇ ಅಡ್ಡ ಬರಬಹುದು. ಟ್ಯಾಂಕ್ ತೆರೆದು ಲೇಪವನ್ನೆಲ್ಲ ತೆಗೆಯಲೇಬೇಕು.

ರಬ್ಬರ್ ಹೋಸು ಹೊರಗೆ ಹೊಸದರಂತಿದ್ದು ಒಳಪದರ ಕಿತ್ತು ನಾಲಗೆಯ ಹಾಗೆ ನಿಂತಿರುವುದುಂಟು. ಒಂದು ದಿಕ್ಕಿಗೆ ಊದಿದರೆ ಗಾಳಿ ಸಲೀಸಾಗಿ ಹೋಗುತ್ತದೆ, ಇನ್ನೊಂದು ದಿಕ್ಕಿಗೆ ಕಟ್ಟಿಕೊಳ್ಳುತ್ತದೆ. ಇಂಥದ್ದನ್ನು ಬದಲಿಸದೆ ಬೇರೆ ದಾರಿಯಿಲ್ಲ. ಗುರುತ್ವದ ಪೈಪು ಎಲ್ಲೂ ಮೇಲೆದ್ದು ಮತ್ತೆ ಇಳಿಯಬಾರದು, ಆ ಗೂನಿನಲ್ಲಿ ಗಾಳಿಗುಳ್ಳೆ ಕೂತು ಹರಿವನ್ನು ಕಟ್ಟುತ್ತದೆ.

ಪಂಪ್ ಇರುವ ಕೆಳರೆಕ್ಕೆಯ ವಿಮಾನದ ಕಾಟ ಬೇರೆ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಎಳೆತವಿರುವುದರಿಂದ ಜೋಡಣೆ ಸಡಿಲವಿದ್ದರೆ ಪೆಟ್ರೋಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಸೇರುತ್ತದೆ. ಕಲೆಯಿಲ್ಲ, ವಾಸನೆಯಿಲ್ಲ. ಪಂಪಿನಿಂದ ಮುಂದೆ, ಎಂಜಿನ್ ಕಡೆಗೆ, ಪಾರದರ್ಶಕ ಹೋಸೊಂದನ್ನು ಪರೀಕ್ಷೆಗಷ್ಟೇ ಹಾಕಿ ನೋಡಿದರೆ ಗುಳ್ಳೆಗಳ ಸಾಲು ಕಾಣುತ್ತದೆ. ಪೈಪು ಜೋಡಿಸುವ ವಿಮಾನದ ಎಎನ್ ಫಿಟಿಂಗಿನ ಬಾಯಿಯ ಕೋನ 37 ಡಿಗ್ರಿ, ಕಾರುಗಳದು ಸಾಮಾನ್ಯವಾಗಿ 45. ಎರಡನ್ನೂ ಬೆರೆಸಿದರೆ ಎಷ್ಟು ಬಿಗಿದರೂ ಕೂರದು. ಪೈಪಿನ ಅಗಲಿಸಿದ ಬಾಯಿಗೆ (ಫ್ಲೇರ್) ಸೀಲಂಟ್ ಬಳಿಯಬೇಡಿ. ಟೆಫ್ಲಾನ್ ಟೇಪಿನ ಎಳೆ ಕಿತ್ತು ಮುಂದೆ ಹೋಗಿ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಅದೂ ಬೇಡ.

ಬಿಸಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಮಾತ್ರ ತೊಂದರೆಯಾದರೆ ಅದು ವೇಪರ್ ಲಾಕ್, ಅಂದರೆ ಪೈಪಿನಲ್ಲೇ ಇಂಧನ ಆವಿಯಾಗಿ ಹರಿವನ್ನು ಕಟ್ಟುವುದು. ಕಾರಿನ ಪೆಟ್ರೋಲ್ ವಿಮಾನದ ಪೆಟ್ರೋಲಾದ ಏವ್‌ಗ್ಯಾಸ್‌ಗಿಂತ ಬೇಗ ಆವಿಯಾಗುವುದರಿಂದ ಅದರಲ್ಲಿ ಇದು ಹೆಚ್ಚು. ಎಲೆಕ್ಟ್ರಿಕ್ ಪಂಪನ್ನು ಎಂಜಿನ್ ಹಿಂದಿನ ಬಿಸಿ ತಡೆಗೋಡೆಯಾದ ಫೈರ್‌ವಾಲ್‌ನಿಂದ ತೆಗೆದು ಟ್ಯಾಂಕಿನ ಹತ್ತಿರ, ಅದರ ತಳಮಟ್ಟದಲ್ಲಿ ಕೂರಿಸಿ. ಟ್ಯಾಂಕಿಗೂ ಪಂಪಿಗೂ ನಡುವಿನ 90 ಡಿಗ್ರಿ ಫಿಟಿಂಗುಗಳನ್ನು ಆದಷ್ಟು ತೆಗೆಯಿರಿ, ಎಕ್ಸಾಸ್ಟ್ ಬಳಿ ಹೋಗುವ ಹೋಸಿಗೆ ಶಾಖ ತಡೆಯುವ ಹೊದಿಕೆಯಾದ ಫೈರ್‌ಸ್ಲೀವ್ ತೊಡಿಸಿ.

ಏನೇ ಬದಲಿಸಿದರೂ ಅಳತೆಯನ್ನು ಮೊದಲಿನಿಂದ ಮಾಡಿ. ಕೊನೆಗೆ ಅದೇ ಕೋನದಲ್ಲಿ ಟ್ಯಾಂಕನ್ನು ಹರಿವು ಕಡಿಯುವವರೆಗೂ ಬಿಡಿ. ಮೂತಿ ಕೆಳಗಾದಾಗಲೂ ಹೊರದಾರಿಗೆ ಇಂಧನ ಸಿಗದೆ ಹೋಗಬಹುದು, ಹಾಗಾಗಿ ಇಳಿಯುವ ಕೋನದಲ್ಲೂ ಒಮ್ಮೆ ನೋಡಿ. ಎರಡು ಕೋನಗಳಲ್ಲಿ ಒಳಗುಳಿದ ಇಂಧನದ ಅಳತೆಗಳಲ್ಲಿ ಯಾವುದು ಹೆಚ್ಚೋ ಅದನ್ನು ಬಳಸಲಾಗದ ಪಾಲೆಂದು ಬರೆದಿಟ್ಟುಕೊಂಡು, ಗೇಜಿನ ಸೊನ್ನೆಯನ್ನು ಅಲ್ಲಿಗೇ ಹೊಂದಿಸಿ.