ಅಜ್ಜಿ, ತಾತ, ಮೊಮ್ಮಗು: ಮೈಸೂರಿನಲ್ಲಿ ಕಡಿಮೆ ಖರ್ಚಿನ ಸುತ್ತಾಟ

ಮಗ-ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಶಾಲೆಗೆ ರಜೆ ಅಂದರೆ ಮಗು ಅಜ್ಜಿ-ತಾತನ ಪಾಲು. ಮನೆಯಲ್ಲೇ ಇದ್ದರೆ ಹತ್ತು ಗಂಟೆಗೆಲ್ಲ ಮೊಬೈಲ್ ಬೇಕು ಅಂತ ಹಟ ಶುರು. ಮಾಲ್‌ಗೆ ಹೋದರೆ ಅರ್ಧ ಗಂಟೆ ಆಟಕ್ಕೆ ಪರ್ಸ್ ಖಾಲಿ. ನಾನು ಸರಸ್ವತಿಪುರಂನಲ್ಲಿರುವ ಅಜ್ಜಿ. ನಮ್ಮ ಯಜಮಾನರಿಗೆ ಮಂಡಿನೋವು, ಮೊಮ್ಮಗಳು ಪುಟ್ಟಿಗೆ ನಾಲ್ಕೂವರೆ ವರ್ಷ. ಈ ಇಬ್ಬರಿಗೂ ಆಗುವ ಹಾಗೆ ಊರು ಸುತ್ತೋದು ಹೇಗೆ ಅಂತ ಹೇಳ್ತೀನಿ.

ಎಲ್ಲಕ್ಕಿಂತ ಮುಖ್ಯ, ಒಂದು ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು, ಬಿಸಿಲು ಏರಿ ಊಟದ ಹೊತ್ತಾಗುವಷ್ಟರಲ್ಲಿ ಮನೆ ಸೇರಬೇಕು. ಬೆಂಗಳೂರಿಂದ ಬಂದವರು ಝೂ, ಅರಮನೆ, ಬೆಟ್ಟ ಎಲ್ಲ ಒಂದೇ ದಿನ ಮುಗಿಸ್ತಾರೆ. ಅವರಿಗೆ ಬೇರೆ ದಾರಿ ಇಲ್ಲ. ನಾವು ಇದೇ ಊರಿನವರು, ನಾಳೆಯೂ ಹೋಗಬಹುದು. ಮಗು ಒಂದು ಇರುವೆ ಸಾಲಿನ ಮುಂದೆ ಕೂತರೆ ಕೂರಲಿ. ಎಳೆದುಕೊಂಡು ಹೋಗಬೇಡಿ.

ಓಡಾಟಕ್ಕೆ ಸಿಟಿ ಬಸ್ಸೇ ಸರಿ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಸಾಮಾನ್ಯ ಬಸ್ಸಿನಲ್ಲಿ ಅಜ್ಜಿಗೆ ದುಡ್ಡಿಲ್ಲ. ಆರು ವರ್ಷದೊಳಗಿನ ಮಗುವಿಗೂ ಇಲ್ಲ. ತಾತನಿಗೆ ಮಾತ್ರ ಟಿಕೆಟ್. ಆಧಾರ್ ಕಾರ್ಡ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಕಂಡಕ್ಟರ್ ಹತ್ತಿರ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ಏಸಿ ಬಸ್ಸಿಗೆ ಇದು ನಡೆಯೋದಿಲ್ಲ. ಮಗುವಿನ ಜೇಬಿನಲ್ಲಿ ಅಪ್ಪ-ಅಮ್ಮನ ಫೋನ್ ನಂಬರ್ ಬರೆದ ಚೀಟಿ ಇರಲಿ.

ಬ್ಯಾಗಿನಲ್ಲಿ ಸ್ಟೀಲ್ ಬಾಟಲಿ ನೀರು, ಒಂದು ಡಬ್ಬಿ ಅವಲಕ್ಕಿ ಒಗ್ಗರಣೆ ಅಥವಾ ಮೊಸರನ್ನ, ಒಂದು ಜೊತೆ ಬಟ್ಟೆ, ಹಳೇ ಟವೆಲ್. ಟವೆಲ್ ಯಾಕೆ ಅಂದರೆ, ಕಲ್ಲುಬೆಂಚಿನ ಮೇಲೆ ಹಾಸಿಕೊಳ್ಳೋಕೂ ಆಗುತ್ತೆ, ಬಿಸಿಲಿಗೆ ತಲೆಗೂ ಆಗುತ್ತೆ. ಎಲ್ಲಿಗೇ ಹೋಗಲಿ, ಒಳಗೆ ಕಾಲಿಟ್ಟ ತಕ್ಷಣ ಶೌಚಾಲಯ ಎಲ್ಲಿದೆ ಅಂತ ನೋಡಿಕೊಳ್ಳಿ. ಮಗುವಿಗೂ ಬೇಕು, ನಮ್ಮ ವಯಸ್ಸಿನವರಿಗೂ ಬೇಕು ಅಲ್ವಾ?

ಮೊದಲ ಸಲ ಹೊರಡುವವರಿಗೆ ನಾನು ಹೇಳೋದು ರೈಲು ಮ್ಯೂಸಿಯಂ. ರೈಲ್ವೆ ಸ್ಟೇಷನ್ ಪಕ್ಕ, ಕೆಆರ್‌ಎಸ್ ರಸ್ತೆಯಲ್ಲಿದೆ. 1979ರಲ್ಲಿ ಶುರುವಾದದ್ದು. ಹೆಚ್ಚು ನಡೆಯೋ ಹಾಗಿಲ್ಲ, ಮಂಡಿನೋವಿನವರಿಗೆ ವರ. ಹಳೇ ಉಗಿ ಎಂಜಿನ್‌ಗಳು ಮರಗಳ ನಡುವೆ ನಿಂತಿವೆ. ರಸ್ತೆ ಮೇಲೆ ಓಡುವ ಆಸ್ಟಿನ್ ಕಾರಿಗೆ ರೈಲು ಚಕ್ರ ಹಾಕಿದ ಗಾಡಿಯೂ ಇದೆ. ಮಹಾರಾಣಿಯವರ 1899ರ ಸಲೂನ್ ಬೋಗಿಯನ್ನು ಮರೆಯದೆ ತೋರಿಸಿ. ಅದರೊಳಗೆ ಅಡುಗೆಮನೆ, ಊಟದ ಜಾಗ, ಶೌಚಾಲಯ ಎಲ್ಲ ಇವೆ. ಪುಟ್ಟಿಗೆ ರಾಣಿಯ ಹಾಸಿಗೆ, ಕುರ್ಚಿ ಯಾವುದೂ ಬೇಡ. “ರಾಣಿ ರೈಲಲ್ಲೇ ಸುಸ್ಸು ಮಾಡ್ತಿದ್ಲಾ?” ಅಂತ ತಾತನನ್ನು ಕೇಳಿದ್ದೇ ಕೇಳಿದ್ದು. ಮಕ್ಕಳ ಪುಟಾಣಿ ರೈಲು ಓಡುವಾಗ ಒಂದು ಸುತ್ತು ಕೂರಿಸಿ.

ಮಂಡ್ಯದ ಅಜ್ಜಿ-ತಾತಂದಿರಿಗೆ ಇನ್ನೂ ಸುಲಭ. ಪ್ಯಾಸೆಂಜರ್ ರೈಲು ಹತ್ತಿ ಬನ್ನಿ, ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. ಮಗುವನ್ನು ಕಿಟಕಿ ಪಕ್ಕ ಕೂರಿಸಿ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡು ಸಲ ಸಿಗುತ್ತಾಳೆ, ಊರಿಗೆ ಮುಂಚೆ ಒಂದು ಸಲ, ಊರು ದಾಟಿ ಇನ್ನೊಂದು ಸಲ. ಅಲ್ಲಿನ ಸ್ಟೇಷನ್ ಹತ್ತಿರ ಟಿಪ್ಪು ಕಾಲದ ಮದ್ದಿನಮನೆ ಇದೆ. ಜೋಡಿಹಳಿ ಹಾಕುವಾಗ ಅಡ್ಡ ಬಂದದ್ದಕ್ಕೆ 2017ರಲ್ಲಿ ಅದನ್ನು ಒಡೆಯದೆ, ಇಡೀ ಕಟ್ಟಡವನ್ನೇ ಪಕ್ಕಕ್ಕೆ ಸರಿಸಿದರು. ಈ ಕತೆ ಹೇಳಿದರೆ ಯಾವ ಮಗುವೂ ಕಿಟಕಿ ಬಿಟ್ಟು ಏಳೋದಿಲ್ಲ.

ಝೂ ಎಲ್ಲ ಮಕ್ಕಳಿಗೂ ಇಷ್ಟ, ನಿಜ. 1892ರ ಹಳೇ ಝೂ, ನಮ್ಮ ಊರಿನ ಹೆಮ್ಮೆ. ಆದರೆ ಒಳಗೆ ಹೊಕ್ಕರೆ ನಡಿಗೆ ಜಾಸ್ತಿ. ಅರ್ಧ ದಾರಿಯಲ್ಲಿ ಮಗು ಎತ್ತಿಕೋ ಅಂದರೆ ಎತ್ತಿಕೊಳ್ಳುವವರು ಯಾರು? ಬ್ಯಾಟರಿ ಗಾಡಿ ಇದೆ, ಅದಕ್ಕೆ ಬೇರೆ ದುಡ್ಡು. ಅಪ್ಪ-ಅಮ್ಮ ಜೊತೆಗಿರುವ ಭಾನುವಾರಕ್ಕೆ ಝೂ ಇಟ್ಟುಕೊಳ್ಳಿ. ನೀವು ಪಕ್ಕದ ಕಾರಂಜಿ ಕೆರೆಗೆ ಹೋಗಿ. ಟಿಕೆಟ್ ಕಡಿಮೆ, ನೆರಳು ಚೆನ್ನಾಗಿದೆ. ದೊಡ್ಡ ಬಲೆಯೊಳಗೆ ಪಕ್ಷಿಗಳನ್ನು ಬಿಟ್ಟಿದ್ದಾರೆ, ನಾವೇ ಅದರೊಳಗೆ ನಡೆದು ಹೋಗಬಹುದು. ನವಿಲು ಕಾಲ ಬಳಿಯೇ ಓಡಾಡುತ್ತೆ. ಅಲ್ಲಿ ಮಗುವಿನ ಕೈ ಬಿಡಬೇಡಿ, ಮಕ್ಕಳು ಗರಿ ಹಿಡಿಯೋಕೆ ಓಡುತ್ತವೆ. ಝೂ, ಕಾರಂಜಿ ಎರಡಕ್ಕೂ ಮಂಗಳವಾರ ರಜೆ. ಗೇಟಿನ ತನಕ ಹೋಗಿ ವಾಪಸ್ ಬಂದರೆ ಮಗುವನ್ನು ಸಮಾಧಾನ ಮಾಡೋದು ಕಷ್ಟ. ಮಳೆ ಬಂದರೆ ಹತ್ತಿರದಲ್ಲೇ ನೈಸರ್ಗಿಕ ಇತಿಹಾಸದ ಮ್ಯೂಸಿಯಂ ಇದೆ, ಅಲ್ಲಿಗೆ ಸೋಮವಾರ ರಜೆ.

ಟಿಕೆಟ್ಟೇ ಬೇಡ ಅನ್ನುವ ದಿನ ದೇವರಾಜ ಮಾರುಕಟ್ಟೆ. ಚಿಕ್ಕಗಡಿಯಾರದ ಕಡೆಯಿಂದ ಒಳಗೆ ಹೋಗಿ. ಬೆಳಿಗ್ಗೆ ಬೇಗ ಹೋದರೆ ನೂಕಾಟ ಇರೋದಿಲ್ಲ. ಕುಂಕುಮ, ಬಣ್ಣದ ಪುಡಿಗಳ ರಾಶಿ, ಬಾಳೆಗೊನೆಗಳ ಸಾಲು, ವೀಳ್ಯದೆಲೆ ಕಟ್ಟು. ಒಂದೊಂದು ಅಂಗಡಿ ಮುಂದೆಯೂ ನಿಂತು ಇದು ಯಾವ ಬಣ್ಣ, ಇದರ ಹೆಸರೇನು ಅಂತ ಕೇಳಿ. ನಾವು ಕೊನೆಗೆ ಹೂವಿನ ಸಾಲಿಗೆ ಹೋಗ್ತೀವಿ. ಹೂವಿನವರು ಮಲ್ಲಿಗೆ ಮಾಲೆಯನ್ನು ಬೆರಳ ತುದಿಗೆ ಸಿಕ್ಕಿಸಿ, ಮೊಣಕೈವರೆಗೆ ಎಳೆದು ಅಳೆಯುತ್ತಾರೆ. ಅದು ಒಂದು ಮೊಳ. ನಾವು ತಗೊಂಡಿದ್ದು ಎರಡು ಮೊಳ. ಪುಟ್ಟಿ ಪಕ್ಕದ ಕಟ್ಟೆಯ ಮೇಲೆ ಕೂತು, ನಾಲಿಗೆ ಹೊರಗೆ ಚಾಚಿಕೊಂಡು, ತನ್ನ ಕೈಯಲ್ಲಿ ಅಳೆದಳು. ಮೂರು ಮೊಳ ದಾಟಿ ಇನ್ನೂ ಸ್ವಲ್ಪ ಉಳಿಯಿತು. “ಅಜ್ಜಿ, ಅವರು ಜಾಸ್ತಿ ಕೊಟ್ಟಿದ್ದಾರೆ, ವಾಪಸ್ ಕೊಡೋಣ” ಅಂದಳು. ಹೂವಿನಮ್ಮ ಕೇಳಿಸಿಕೊಂಡು, ಅವಳ ಕೈಗೇ ಒಂದು ಗುಲಾಬಿ ಇಟ್ಟರು.

ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ ಸ್ಟ್ಯಾಂಡಿನಿಂದ 201 ನಂಬರ್ ಬಸ್. ಮೆಟ್ಟಿಲು ಹತ್ತುವ ಸಾಹಸ ಬೇಡ. ಮಂಗಳವಾರ, ಶುಕ್ರವಾರ, ಆಷಾಢ ಬಿಟ್ಟು ಹೋದರೆ ದರ್ಶನ ಆರಾಮ. ಕುಕ್ಕರಹಳ್ಳಿ ಕೆರೆ ಬೆಳಗಿನ ಹೊತ್ತಿಗೆ ಸರಿ. ಸುಮ್ನೆ ಕೆರೆ ಏರಿಯ ಮೇಲೆ ಕೂತು ಹಕ್ಕಿ ನೋಡಿ. ಇಡೀ ಕೆರೆ ಸುತ್ತಬೇಕಾಗಿಲ್ಲ.

ಸಂಜೆ ಹೊರಡೋದಾದರೆ ಭಾನುವಾರ ಅಥವಾ ಸರ್ಕಾರಿ ರಜಾದಿನ, ಅರಮನೆ ದೀಪ ನೋಡೋಕೆ. ಏಳು ಗಂಟೆಗೆ ಹತ್ತುತ್ತೆ. ಹತ್ತಿದ ಮೇಲೆ ಹೋದರೆ ಅರ್ಧ ಮಜಾ ಹೋಯಿತು. ಕತ್ತಲಲ್ಲಿ ಕಾಯಬೇಕು, ಒಮ್ಮೆಗೇ ಸುಮಾರು ಒಂದು ಲಕ್ಷ ಬಲ್ಬ್ ಹತ್ತಿಕೊಳ್ಳುವಾಗ ಮಗುವಿನ ಮುಖ ನೋಡಬೇಕು. ಸಂಜೆ ಹೊರಗೆ ಹೋಗುವ ದಿನ ಮಧ್ಯಾಹ್ನ ಮಲಗಿಸಿಯೇ ಕರೆದುಕೊಂಡು ಹೋಗಿ.

ವರ್ಷಕ್ಕೊಮ್ಮೆ ಮಾತ್ರ ಸಿಗುವ ಬಿಟ್ಟಿ ಭಾಗ್ಯ ಒಂದಿದೆ, ದಸರಾ ಆನೆಗಳ ತಾಲೀಮು. ಜಂಬೂಸವಾರಿ ದಿನ ಆ ಜನಜಂಗುಳಿಯಲ್ಲಿ ನಾಲ್ಕು ವರ್ಷದ ಮಗುವಿಗೆ ಆನೆಯ ಬಾಲವೂ ಕಾಣೋದಿಲ್ಲ. ಅದಕ್ಕೆ ಮುಂಚಿನ ವಾರಗಳಲ್ಲಿ ಆನೆಗಳು ಬೆಳಿಗ್ಗೆ, ಸಂಜೆ ಅರಮನೆಯಿಂದ ಬನ್ನಿಮಂಟಪಕ್ಕೆ ನಡೆಯುತ್ತವೆ. ಸಯ್ಯಾಜಿರಾವ್ ರಸ್ತೆಯಲ್ಲಿ ಫುಟ್‌ಪಾತ್ ಮೇಲೆ ನಿಂತರೆ ಸಾಕು. 2020ರಿಂದ ಅಂಬಾರಿ ಹೊತ್ತ ಅಭಿಮನ್ಯುವಿನ ಹೆಸರು ಮಕ್ಕಳಿಗೆ ಬಾಯಿಪಾಠ. ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ. ಅದಕ್ಕೆ ರೂಢಿಯಾಗಲಿ ಅಂತ ಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ ಹೊರಿಸುತ್ತಾರೆ. ಬೆನ್ನ ಮೇಲೆ ಏನಿದೆ ನೋಡು ಅಂತ ಮಗುವಿಗೆ ಹೇಳಿ. ಸಮಯ ಪೇಪರಿನಲ್ಲಿ ಬರುತ್ತೆ. ಅಂಗಡಿ ಮೆಟ್ಟಿಲಿದ್ದರೆ ಮಗುವನ್ನು ಅದರ ಮೇಲೆ ನಿಲ್ಲಿಸಿ. ಪಟಾಕಿ, ಪೀಪಿ, ಕೂಗಾಟ ಬೇಡ, ಆನೆ ಬೆದರಬಾರದು. ಆನೆ ದಾಟಿದ ತಕ್ಷಣ ರಸ್ತೆಗೆ ಇಳಿಯಬೇಡಿ. ತಡೆದು ನಿಲ್ಲಿಸಿದ್ದ ಬಸ್ಸು, ಸ್ಕೂಟರ್ ಎಲ್ಲ ಹಿಂದೆಯೇ ಒಟ್ಟಿಗೆ ನುಗ್ಗುತ್ತವೆ. ಐದು ನಿಮಿಷ ಅಲ್ಲೇ ನಿಂತು, ಮಗುವಿಗೆ ಒಂದು ಗುಟುಕು ನೀರು ಕುಡಿಸಿ, ಆಮೇಲೆ ದಾಟಿ.